ಸ್ಕೋಬಿಯ ಪಾಪ ಯಾವುದು?

ಗ್ರಹಾಂ ಗ್ರೀನನ ‘ದಿ ಹಾರ್ಟ್ ಆಫ್ ದಿ ಮ್ಯಾಟರ್’ ಕಾದಂಬರಿ ೧೯೪೮ರಲ್ಲಿ ಹೊರಬಂದ ಲಾಗಾಯ್ತು ಅದನ್ನು ಕುರಿತ ವಾದವಿವಾದ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆದಿದೆ: ಅದರ ನಾಯಕ ಮೇಜರ್ ಸ್ಕೋಬಿ ನರಕಕ್ಕೆ ಹೋದನೆ, ಇಲ್ಲವೆ? ಕಾದಂಬರಿಯ ಪಾತ್ರ ಕೊನೆಯ ಪುಟದಲ್ಲಿ ಮುಗಿದುಹೋಗುತ್ತದೆ, ಅದಕ್ಕೆ ಪರಲೋಕವೆಲ್ಲಿಯದು ಎಂದು ನಾವು ನಗಬಹುದು. ಆದರೆ ಈ ಪ್ರಶ್ನೆಯನ್ನು ಹಿಡಿದು ಕೂತವರಲ್ಲಿ ಈವ್ಲಿನ್ ವಾ, ಜಾರ್ಜ್ ಆರ್ವೆಲ್ ಅಂಥವರಿದ್ದರು. ಅದಕ್ಕೆ ಕಾರಣವೂ ಇದೆ. ರೋಮನ್ ಕೆಥೊಲಿಕ್ ಚರ್ಚಿನ ನಿಯಮಾವಳಿಯಲ್ಲಿ ಮದುವೆ, ಪಾಪ, ಕ್ಷಮೆ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಎಳೆಯನ್ನು ಎಳೆದರೆ ಇಡೀ ಬಟ್ಟೆಯೇ ಮುದುಡಿಕೊಳ್ಳುತ್ತದೆ. ಆ ಬಟ್ಟೆಯನ್ನು ಒಬ್ಬ ಮನುಷ್ಯನ ಮೈಮೇಲೆ ಹೊದಿಸಿ, ಅವನು ಉಸಿರುಗಟ್ಟುವುದನ್ನು ಗ್ರೀನ್ ತೋರಿಸಿದ್ದಾನೆ.

ನಮ್ಮ ಓದುಗರಿಗೆ ಗ್ರೀನ್ ತೀರ ಹೊರಗಿನವನಲ್ಲ. ಮೈಸೂರಿನ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ೧೯೩೫ರಲ್ಲಿ ಲಂಡನ್ನಿನಲ್ಲಿ ಅಚ್ಚಾಗುವಂತೆ ಮಾಡಿದವನು ಅವನೇ. ಆದರೂ ಮಾಲ್ಗುಡಿಯ ಬಿಸಿಲಿನಿಂದ ನೇರವಾಗಿ ಗ್ರೀನನ ಲೋಕಕ್ಕೆ ಕಾಲಿಟ್ಟವನಿಗೆ ಕಣ್ಣು ಹೊಂದಿಕೊಳ್ಳಲು ತುಸು ಹೊತ್ತು ಬೇಕು. ಇಲ್ಲಿಯ ಬಿಸಿಲು ಇನ್ನೂ ಉಗ್ರವಾದದ್ದು. ನೆರಳೂ ಅಷ್ಟೇ ಕಪ್ಪಾದದ್ದು.

ಈ ಕಾದಂಬರಿಯನ್ನು ಓದಿದವರಲ್ಲಿ ಬಹಳ ಮಂದಿ ಅದನ್ನು ಒಂದು ಸರಳವಾದ ವ್ಯಾಜ್ಯವನ್ನಾಗಿ ಮಾಡಿಕೊಂಡಿದ್ದಾರೆ. ಒಂದು ಕಡೆ ಚರ್ಚಿನ ಕಠೋರವಾದ ನಿಯಮ. ಇನ್ನೊಂದು ಕಡೆ ಸುವಾರ್ತೆಯ ಕ್ಷಮೆ. ನಿಯಮ ಸ್ಕೋಬಿಯನ್ನು ಕೊಂದಿತು, ಯೇಸುವಾಗಿದ್ದರೆ ಉಳಿಸುತ್ತಿದ್ದ. ಓದಿದ ರಾತ್ರಿ ಹೀಗೆ ಅನ್ನಿಸುವುದು ಸಹಜ. ಎರಡನೆಯ ಸಲ, ಬೈಬಲ್ಲನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ, ಈ ವ್ಯಾಜ್ಯದ ಎರಡು ಪಕ್ಷಗಳೂ ಅಷ್ಟು ಅಚ್ಚುಕಟ್ಟಾಗಿ ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಚರ್ಚಿಗೂ ಶಾಸ್ತ್ರಕ್ಕೂ ನಡುವೆ ಬಿರುಕಿರುವುದು ನಿಜ. ಅದು ನಾವು ಹುಡುಕುವ ಜಾಗದಲ್ಲಿಲ್ಲ ಎಂಬುದು ನನ್ನ ವಾದ.

ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲ. ಪಶ್ಚಿಮ ಆಫ್ರಿಕದ ಒಂದು ಬ್ರಿಟಿಷ್ ವಸಾಹತಿನ ಬಂದರು. ಸಿಯೆರಾ ಲಿಯೋನಿನ ಫ್ರೀಟೌನ್ ಎಂದು ಗುರುತು ಹಿಡಿಯಲು ಕಷ್ಟವಿಲ್ಲ. ಗ್ರೀನ್ ಅಲ್ಲಿ ಬೇಹುಗಾರಿಕೆಯ ಕೆಲಸದಲ್ಲಿದ್ದ. ಸ್ಕೋಬಿ ಅಲ್ಲಿಯ ಉಪ ಪೊಲೀಸ್ ಕಮಿಷನರು. ಪ್ರಾಮಾಣಿಕ, ಮಿತಭಾಷಿ, ಬಡ್ತಿ ತಪ್ಪಿದವನು. ಹೆಂಡತಿ ಲೂಯಿಸ್ ಕೆಥೊಲಿಕಳು. ಅವಳನ್ನು ಮದುವೆಯಾಗಲೆಂದು ಇವನೂ ಆ ಮತವನ್ನು ಸೇರಿದವನು. ಇದ್ದೊಬ್ಬ ಮಗಳು ಇಂಗ್ಲೆಂಡಿನಲ್ಲಿ ತೀರಿಕೊಂಡಿದ್ದಾಳೆ. ಗಂಡನಿಗೆ ಬಡ್ತಿ ಸಿಕ್ಕದ ಅವಮಾನವನ್ನು ತಾಳಲಾರದೆ ಲೂಯಿಸ್ ದಕ್ಷಿಣ ಆಫ್ರಿಕಕ್ಕೆ ಹೋಗಬೇಕೆಂದು ಹಟ ಹಿಡಿಯುತ್ತಾಳೆ. ಹಡಗಿನ ಖರ್ಚಿಗೆ ಸ್ಕೋಬಿ ಯೂಸೆಫ್ ಎಂಬ ಸಿರಿಯಾದ ವ್ಯಾಪಾರಿಯಿಂದ ಇನ್ನೂರು ಪೌಂಡು ಸಾಲ ತೆಗೆಯುತ್ತಾನೆ. ಅವಳು ಹೋದಮೇಲೆ, ಶತ್ರುಗಳು ಮುಳುಗಿಸಿದ ಹಡಗಿನಿಂದ ಪಾರಾಗಿ ನಲವತ್ತು ದಿನ ತೆರೆದ ದೋಣಿಯಲ್ಲಿ ತೇಲಿ ಬಂದವರಲ್ಲಿ ಹೆಲೆನ್ ಎಂಬ ಹತ್ತೊಂಬತ್ತು ವರ್ಷದ ವಿಧವೆ, ಕೈಯಲ್ಲಿ ಅಂಚೆಚೀಟಿಯ ಆಲ್ಬಂ ಹಿಡಿದುಕೊಂಡು, ಅವನ ಕಣ್ಣಿಗೆ ಬೀಳುತ್ತಾಳೆ. ಮರುಕ ಪ್ರೀತಿಯಾಗುತ್ತದೆ, ಅಥವಾ ಪ್ರೀತಿಯೆಂದು ಅವನು ತಿಳಿಯುತ್ತಾನೆ. ಇವಳಿಗೆ ಬರೆದ ಕಾಗದ ಯೂಸೆಫನ ಕೈಸೇರುತ್ತದೆ. ಲೂಯಿಸ್ ಹಿಂದಿರುಗುತ್ತಾಳೆ, ತನ್ನ ಜೊತೆ ಬಂದು ಪರಮಪ್ರಸಾದ ಸ್ವೀಕರಿಸಬೇಕೆಂದು ಕೇಳುತ್ತಾಳೆ. ಇಲ್ಲಿಂದ ಮುಂದೆ ಬಲೆ ಬಿಗಿಯುತ್ತ ಹೋಗುತ್ತದೆ.

ಬಲೆಯ ಹೆಣಿಗೆಯನ್ನು ತಿಳಿಯದೆ ಈ ಕಾದಂಬರಿ ಅರ್ಥವಾಗುವುದಿಲ್ಲ. ಕೆಥೊಲಿಕ್ ಬೋಧನೆಯ ಪ್ರಕಾರ ವ್ಯಭಿಚಾರ ಮಾರಕ ಪಾಪ. ಆ ಪಾಪವನ್ನು ಹೊತ್ತುಕೊಂಡು ಪರಮಪ್ರಸಾದ ತೆಗೆದುಕೊಳ್ಳುವುದು ಅದಕ್ಕಿಂತ ಘೋರ. ಪಾಪ ಕಳೆಯಬೇಕಾದರೆ ಗುರುವಿನ ಮುಂದೆ ನಿವೇದನೆ ಮಾಡಿಕೊಂಡು ವಿಮೋಚನೆ ಪಡೆಯಬೇಕು. ವಿಮೋಚನೆ ಸಿಗಬೇಕಾದರೆ ಮತ್ತೆ ಆ ತಪ್ಪಿಗೆ ಹೋಗುವುದಿಲ್ಲವೆಂಬ ಸಂಕಲ್ಪ ಬೇಕು. ಆ ಸಂಕಲ್ಪ ಮಾಡಿದರೆ ಹೆಲೆನ್ ಅನಾಥೆಯಾಗುತ್ತಾಳೆ. ಪ್ರಸಾದ ತೆಗೆದುಕೊಳ್ಳದಿದ್ದರೆ ಲೂಯಿಸ್‌ಗೆ ಗುಟ್ಟು ತಿಳಿದು ಅವಳು ನೋಯುತ್ತಾಳೆ. ಒಂದು ಭಾನುವಾರ ಅವನು ಎದೆನೋವೆಂದು ಹೇಳಿ ಬೆಳಿಗ್ಗೆಯೇ ಬ್ರಾಂದಿ ಕುಡಿದು ತಪ್ಪಿಸಿಕೊಳ್ಳುತ್ತಾನೆ. ಪ್ರಸಾದಕ್ಕೆ ಮುಂಚೆ ನಡುರಾತ್ರಿಯಿಂದ ಉಪವಾಸವಿರಬೇಕೆಂಬುದು ಆಗಿನ ನಿಯಮ. (೧೯೫೩ರಿಂದ ಅದನ್ನು ಸಡಿಲಿಸುತ್ತ ಬಂದು ೧೯೬೪ರಲ್ಲಿ ಒಂದು ಗಂಟೆಗೆ ಇಳಿಸಿದರು. ಇಂದಿನ ಸ್ಕೋಬಿಗೆ ಆ ಬ್ರಾಂದಿಯ ಉಪಾಯ ಅಷ್ಟು ಸುಲಭವಲ್ಲ.) ಗುಡಾಣದಂಥ ನಿಯಮದೊಳಗೆ ಒಂದು ಸಣ್ಣ ನಿಯಮ ಕಿಂಡಿಯಾಗುವ ಈ ಸಂದರ್ಭವನ್ನು ಗ್ರೀನ್ ಎಷ್ಟು ಕಡಮೆ ಮಾತಿನಲ್ಲಿ ಮುಗಿಸುತ್ತಾನೆಂದರೆ, ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈಗ ಮದುವೆಯ ವಿಷಯ. ಚರ್ಚು ಕಠೋರ, ಶಾಸ್ತ್ರ ಉದಾರ ಎಂಬ ಕಲ್ಪನೆ ಇಲ್ಲಿಯೇ ಮೊದಲು ಮುರಿಯುತ್ತದೆ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನು ನೋಡಿ. ಹೆಂಡತಿಯನ್ನು ಬಿಡಲು ಮೋಶೆ ಒಂದು ಬಾಗಿಲು ತೆರೆದಿಟ್ಟಿದ್ದ. ನಿಮ್ಮ ಎದೆ ಗಡುಸಾಗಿದ್ದುದರಿಂದ ಅವನು ಹಾಗೆ ಮಾಡಿದ ಎಂದು ಹೇಳಿ ಯೇಸು ಆ ಬಾಗಿಲನ್ನು ಮುಚ್ಚುತ್ತಾನೆ. ಮತ್ತಾಯನಲ್ಲಿ ಮಾತ್ರ ಒಂದು ಅಪವಾದ ಕಾಣುತ್ತದೆ; ಅದರ ಅರ್ಥವೇನೆಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಪೌಲ ಕೊರಿಂಥದವರಿಗೆ ಬರೆದ ಕಾಗದದಲ್ಲಿ ಇನ್ನೊಂದನ್ನು ಸೇರಿಸುತ್ತಾನೆ: ನಂಬಿಕೆಯಿಲ್ಲದ ಸಂಗಾತಿ ತಾನಾಗಿ ಬಿಟ್ಟುಹೋದರೆ ನಂಬಿಕೆಯುಳ್ಳವರಿಗೆ ಬಂಧನವಿಲ್ಲ. ಮದುವೆಯ ವಿಧಿವಿಧಾನಗಳನ್ನು ಬಿಗಿಗೊಳಿಸಿದ್ದು ಚರ್ಚು. ಪಾದ್ರಿಯೂ ಸಾಕ್ಷಿಗಳೂ ಇಲ್ಲದ ಮದುವೆ ಮದುವೆಯೇ ಅಲ್ಲವೆಂದು ಟ್ರೆಂಟ್ ಮಹಾಸಭೆ ಗೊತ್ತುಮಾಡಿದ್ದು ೧೫೬೩ರಲ್ಲಿ. ಆದರೆ ಬಿಗಿಗೊಳಿಸಿದ ಕೈಯೇ, ಮೊದಲಿನಿಂದಲೂ ಮದುವೆ ಆಗಿಯೇ ಇರಲಿಲ್ಲ ಎಂದು ಸಾರುವ ನ್ಯಾಯಮಂಡಲಿಗಳನ್ನೂ ಸ್ಥಾಪಿಸಿತು. ೨೦೧೫ರಲ್ಲಿ ಪೋಪ್ ಫ್ರಾನ್ಸಿಸ್ ಆ ವಿಚಾರಣೆಯ ಕ್ರಮವನ್ನು ಇನ್ನಷ್ಟು ಚುರುಕುಗೊಳಿಸಿದರು. ಎಂದರೆ, ಈ ಒಂದು ವಿಷಯದಲ್ಲಿ ಮೂಲವಚನದ ಬೆಂಕಿಗೆ ಚರ್ಚಿನ ಕಾನೂನು ಒಲೆಗೂಡಿನಂತೆ ಕೆಲಸಮಾಡಿದೆ. ಬಿಸಿಯನ್ನು ತಡೆದು, ಅಡಿಗೆಗೆ ಒದಗುವಂತೆ ಮಾಡಿದೆ.

ಗ್ರೀನನಿಗೆ ಇದೆಲ್ಲ ಪುಸ್ತಕದ ವಿದ್ಯೆಯಾಗಿರಲಿಲ್ಲ. ಅವನು ೧೯೨೬ರಲ್ಲಿ ಕೆಥೊಲಿಕನಾದದ್ದು ಒಬ್ಬ ಕೆಥೊಲಿಕ್ ಯುವತಿಯನ್ನು ಮದುವೆಯಾಗಬೇಕೆಂದು, ಮರುವರ್ಷ ಮದುವೆಯಾಯಿತು. ಈ ಕಾದಂಬರಿ ಬರುವ ಹೊತ್ತಿಗೆ ಸಂಸಾರ ಒಡೆದಿತ್ತು. ೧೯೯೧ರಲ್ಲಿ ಅವನು ತೀರಿಕೊಳ್ಳುವವರೆಗೂ ವಿಚ್ಛೇದನವಾಗಲಿಲ್ಲ. ಲೇಖಕನ ಬಾಳನ್ನು ಕೃತಿಯ ಮೇಲೆ ಹೇರುವ ವಿಮರ್ಶೆ ನನಗೆ ರುಚಿಸುವುದಿಲ್ಲವಾದ್ದರಿಂದ ಇಷ್ಟಕ್ಕೆ ಬಿಡುತ್ತೇನೆ.

ಕಾದಂಬರಿಯ ಅತ್ಯುತ್ತಮ ಭಾಗಗಳಲ್ಲಿ ಒಂದು ಪಾಪನಿವೇದನೆಯ ಸನ್ನಿವೇಶ. ಸ್ಕೋಬಿ ಫಾದರ್ ರ‍್ಯಾಂಕ್‌ನ ಮುಂದೆ ಮಂಡಿಯೂರುತ್ತಾನೆ. ಎಲ್ಲವನ್ನೂ ಹೇಳುತ್ತಾನೆ. ಯಾವುದಾದರೊಂದು ಪವಾಡ ನಡೆದು, ತನಗೆ ಹೊಳೆಯದ ದಾರಿಯೊಂದನ್ನು ಈ ಮುದಿ ಗುರು ತೋರಿಯಾನೆಂಬ ಆಸೆ ಅವನಿಗೆ. ರ‍್ಯಾಂಕ್ ದುಷ್ಟನಲ್ಲ, ದಡ್ಡನೂ ಅಲ್ಲ. ಅವನು ಕೇಳುವುದು ಒಂದೇ: ಆ ಹೆಂಗಸನ್ನು ಇನ್ನು ಒಂಟಿಯಾಗಿ ಕಾಣುವುದಿಲ್ಲವೆಂದು ಮಾತು ಕೊಡುತ್ತೀಯಾ? ಸ್ಕೋಬಿ ಸುಳ್ಳು ಹೇಳಬಹುದಾಗಿತ್ತು. ಹೇಳುವುದಿಲ್ಲ. ಹೆಂಡತಿಗೆ, ಮೇಲಧಿಕಾರಿಗೆ, ಕಡೆಗೆ ತನ್ನ ದಿನಚರಿಗೆ ಕೂಡ ಸುಳ್ಳು ಹೇಳಬಲ್ಲ ಈ ಮನುಷ್ಯ ಆ ಮರದ ಜಾಲರಿಯ ಮುಂದೆ ಮಾತ್ರ ನಿಜ ನುಡಿಯುತ್ತಾನೆ. ನಿಜ ನುಡಿದದ್ದಕ್ಕೆ ವಿಮೋಚನೆಯಿಲ್ಲದೆ ಎದ್ದು ಬರುತ್ತಾನೆ.

ಇಲ್ಲಿ ಓದುಗನ ಮನಸ್ಸು ಚರ್ಚಿನ ಮೇಲೆ ಕೆರಳುತ್ತದೆ. ಯೋಹಾನನ ಎಂಟನೆಯ ಅಧ್ಯಾಯ ನೆನಪಿಗೆ ಬರುತ್ತದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸು, ಕಲ್ಲು ಹಿಡಿದ ಗುಂಪು, ನೆಲದ ಮೇಲೆ ಬೆರಳಿನಿಂದ ಬರೆಯುತ್ತ ಕೂತ ಯೇಸು. ಯಾರೂ ಕಲ್ಲೆಸೆಯದೆ ಚೆದುರಿದ ಮೇಲೆ ಅವನೂ ಅವಳನ್ನು ಖಂಡಿಸುವುದಿಲ್ಲ. ಅವಳು ನಿವೇದನೆ ಮಾಡಿಕೊಂಡಳೆ? ಪ್ರಮಾಣ ಮಾಡಿದಳೆ? ಏನೂ ಇಲ್ಲ. ಆದರೆ ಅದೇ ಉಸಿರಿನಲ್ಲಿ ಅವನು ಇನ್ನೊಂದು ಮಾತು ಸೇರಿಸುತ್ತಾನೆ: ಇನ್ನುಮುಂದೆ ಪಾಪ ಮಾಡಬೇಡ. ರ‍್ಯಾಂಕ್ ನಿಂತಿರುವುದು ಈ ಎರಡನೆಯ ಮಾತಿನ ಮೇಲೆ. ನಾವು ನಿಂತಿರುವುದು ಮೊದಲನೆಯದರ ಮೇಲೆ. ಶಾಸ್ತ್ರದಲ್ಲಿ ಅವೆರಡೂ ಒಂದೇ ಬಾಯಿಂದ ಬಂದವು. ವ್ಯತ್ಯಾಸವಿರುವುದು ಅನುಕ್ರಮದಲ್ಲಿ. ಸುವಾರ್ತೆಯಲ್ಲಿ ಕ್ಷಮೆ ಮೊದಲು, ಸಂಕಲ್ಪ ಅನಂತರ. ನಿವೇದನೆಯ ಪೆಟ್ಟಿಗೆಯಲ್ಲಿ ಸಂಕಲ್ಪ ಮೊದಲು, ಕ್ಷಮೆ ಅನಂತರ. ಈ ಹಿಂದುಮುಂದು ಸಣ್ಣದೆಂದು ಕಾಣಬಹುದು. ಸ್ಕೋಬಿಯ ಪಾಲಿಗೆ ಸಾವುಬದುಕಿನ ಅಂತರ ಅದೇ. ಹಾಗೆಂದು ಇದನ್ನು ಯಾರೋ ಒಬ್ಬ ಪೋಪ್ ಒಂದು ದಿನ ಕೂತು ತಿರುವುಮುರುವು ಮಾಡಿದನೆನ್ನುವಂತಿಲ್ಲ. ಮೊದಲ ಶತಮಾನಗಳಲ್ಲಿ ಘೋರಪಾಪಕ್ಕೆ ಪ್ರಾಯಶ್ಚಿತ್ತ ಬಹಿರಂಗವಾಗಿ, ಬಾಳಿನಲ್ಲಿ ಒಂದೇ ಸಲ ದೊರೆಯುವಂಥದಾಗಿತ್ತು. ಗುಟ್ಟಾಗಿ, ಮತ್ತೆ ಮತ್ತೆ ನಿವೇದಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದವರಲ್ಲಿ ಐರ್ಲೆಂಡಿನ ಸನ್ಯಾಸಿಗಳು ಮುಖ್ಯರು. ವರ್ಷಕ್ಕೊಮ್ಮೆಯಾದರೂ ನಿವೇದನೆ ಕಡ್ಡಾಯವೆಂದು ನಾಲ್ಕನೆಯ ಲ್ಯಾಟರನ್ ಸಭೆ ವಿಧಿಸಿದ್ದು ೧೨೧೫ರಲ್ಲಿ. ಒಂದೇ ಸಲ ತೆರೆಯುತ್ತಿದ್ದ ಬಾಗಿಲನ್ನು ಪ್ರತಿವಾರ ತೆರೆಯುವಂತೆ ಮಾಡಿದ್ದು ಔದಾರ್ಯವೇ. ಪ್ರತಿವಾರ ತೆರೆಯುವ ಬಾಗಿಲಿಗೆ ಒಂದು ಕಾವಲು ಬೇಕಾಗುತ್ತದೆ, ಅಷ್ಟೆ.

ಪರಮಪ್ರಸಾದದ ಭಯವೂ ಚರ್ಚಿನ ಕಟ್ಟುಕಥೆಯಲ್ಲ. ಅಯೋಗ್ಯನಾಗಿ ಆ ರೊಟ್ಟಿಯನ್ನು ತಿಂದವನು ತನ್ನ ಮೇಲೆ ತೀರ್ಪನ್ನು ತಿಂದುಕೊಳ್ಳುತ್ತಾನೆಂಬ ಎಚ್ಚರಿಕೆ ಪೌಲನದು. ಆದರೆ ಕೊರಿಂಥದ ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಒಂದು ಸಂಗತಿ ಹೊರಬೀಳುತ್ತದೆ. ಅಲ್ಲಿ ಪೌಲ ಸಿಟ್ಟಾಗಿರುವುದು ಹಾದರ ಮಾಡಿದವರ ಮೇಲಲ್ಲ. ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮತ್ತೇರಿ ಕೂತು, ಇಲ್ಲದವರನ್ನು ಹಸಿದ ಹೊಟ್ಟೆಯಲ್ಲಿ ನಾಚುವಂತೆ ಮಾಡಿದ್ದರ ಮೇಲೆ. ಪಂಕ್ತಿಭೇದದ ಸಿಟ್ಟು ಅದು. ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಾಸಿಗೆಯ ಪಾಪಕ್ಕೂ ಆ ವಚನವನ್ನು ಅನ್ವಯಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬರೆದ ಕಾಲಕ್ಕೆ ಅದರ ಮೊನೆ ತಿರುಗಿದ್ದು ಇನ್ನೊಂದು ಕಡೆಗೆ ಎಂಬುದನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಸ್ಕೋಬಿ ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ ಪ್ರಸಾದ ತೆಗೆದುಕೊಳ್ಳುತ್ತಾನೆ. ತನ್ನನ್ನು ತಾನೇ ನರಕಕ್ಕೆ ಒಪ್ಪಿಸಿಕೊಂಡೆನೆಂದು ನಂಬುತ್ತಾನೆ. ಆರ್ವೆಲ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ೧೯೪೮ರಲ್ಲೇ ಇದಕ್ಕೆ ಆಕ್ಷೇಪವೆತ್ತಿದ. ನರಕವನ್ನು ನಿಜವಾಗಿ ನಂಬುವವನು ಇಬ್ಬರು ಹೆಂಗಸರ ಮನಸ್ಸು ನೋಯುತ್ತದೆಂದು ಅದಕ್ಕೆ ಧುಮುಕುತ್ತಾನೆಯೆ ಎಂಬುದು ಅವನ ಪ್ರಶ್ನೆ. ಕೆಥೊಲಿಕನೇ ಆಗಿದ್ದ ವಾ ಬೇರೊಂದು ದಿಕ್ಕಿನಿಂದ ಹೊಡೆದ. ದೇವರ ಮೇಲಿನ ಪ್ರೀತಿಗಾಗಿ ನರಕವನ್ನು ಬಯಸುವುದೆಂದರೆ ಕವಿಯ ಸಡಿಲಮಾತಾಗಬೇಕು, ಇಲ್ಲವೆ ಹುಚ್ಚು ದೈವದ್ರೋಹವಾಗಬೇಕು ಎಂದ. ಇಬ್ಬರೂ ಬುದ್ಧಿವಂತರು, ಇಬ್ಬರ ಮಾತೂ ತರ್ಕಕ್ಕೆ ಸರಿಯೇ. ಆದರೆ ಮನುಷ್ಯ ತನ್ನ ನಂಬಿಕೆಗೆ ವಿರುದ್ಧವಾಗಿ ನಡೆಯುವುದು ಅಷ್ಟು ಅಪರೂಪವೆ? ಜನ್ನನ ಯಶೋಧರ ಹಿಂಸೆ ಪಾಪವೆಂದು ಬಲ್ಲವನು. ತಾಯಿಯ ಮಾತು ಮೀರಲಾರದೆ, ಕಡೆಗೆ ಹಿಟ್ಟಿನ ಕೋಳಿಯನ್ನಾದರೂ ಕಡಿಯಲು ಒಪ್ಪಿದ. ಆ ಒಂದು ಸಂಕಲ್ಪ ಜನ್ಮಜನ್ಮಾಂತರಕ್ಕೂ ಅವನನ್ನು ಅಟ್ಟಿಕೊಂಡು ಹೋಯಿತು. ಹತ್ತಿರದವರನ್ನು ನೋಯಿಸಲಾರದ ದೌರ್ಬಲ್ಯ ಎಂಥ ಸಿದ್ಧಾಂತವನ್ನೂ ಬಗ್ಗಿಸಬಲ್ಲದೆಂದು ಕನ್ನಡ ಓದುಗನಿಗೆ ಆರ್ವೆಲ್‌ಗಿಂತ ಚೆನ್ನಾಗಿ ಗೊತ್ತು.

ಸ್ಕೋಬಿಯ ಸ್ವಭಾವಕ್ಕೆ ಗ್ರೀನ್ ಬಳಸುವ ಮುಖ್ಯ ಶಬ್ದಕ್ಕೆ ನಮ್ಮಲ್ಲಿ ಎರಡು ಮೂರು ಹೆಸರುಗಳಿವೆ: ಮರುಕ, ಕನಿಕರ, ಕರುಣೆ. ಇವನ್ನು ಒಂದರ ಬದಲು ಒಂದು ಹಾಕಿ ಓದಿ ನೋಡಿದರೆ ಪಾತ್ರದ ಒಳಗು ತಾನಾಗಿ ತೆರೆದುಕೊಳ್ಳುತ್ತದೆ. ಕರುಣೆ ಎಂದಾಗ ಬುದ್ಧನ ನೆನಪಾಗುತ್ತದೆ. ಅದು ಕೊಡುವವನನ್ನೂ ಪಡೆಯುವವನನ್ನೂ ಒಂದೇ ನೆಲದ ಮೇಲೆ ನಿಲ್ಲಿಸುತ್ತದೆ. ಕನಿಕರ ಮೇಲಿನಿಂದ ಕೆಳಕ್ಕೆ ಇಳಿಯುವಂಥದು. ಸ್ಕೋಬಿಯದು ಕನಿಕರ. ಲೂಯಿಸ್ ಚೆಲುವೆಯಾಗಿ, ಉಲ್ಲಾಸದಿಂದಿರುವಾಗ ಅವನ ಹೃದಯ ಅವಳಿಂದ ದೂರವಾಗಿರುತ್ತದೆ. ಅವಳು ಬೆವರಿ, ಬಾಡಿ, ಸೋತು ಮಲಗಿದಾಗ ಅವನು ಅವಳ ದಾಸ. ಈಲಿಂಗ್‌ನ ಚರ್ಚಿನಲ್ಲಿ ಮದುವೆಯ ಮಂತ್ರ ನಡೆಯುತ್ತಿದ್ದಾಗ ಅವನು ಮನಸ್ಸಿನಲ್ಲೇ ಇನ್ನೊಂದು ವ್ರತ ತೊಟ್ಟಿದ್ದ: ಇವಳನ್ನು ಸದಾ ಸುಖವಾಗಿ ಇಡುತ್ತೇನೆ ಎಂದು. ಈ ವ್ರತವನ್ನು ಯಾವ ಚರ್ಚೂ ಅವನಿಂದ ಕೇಳಿರಲಿಲ್ಲ; ಯಾವ ಸುವಾರ್ತೆಯಲ್ಲಿಯೂ ಇದಿಲ್ಲ. ಇನ್ನೊಬ್ಬರ ಜೊತೆ ಬಾಳುತ್ತೇನೆಂದು ಮನುಷ್ಯ ಮಾತು ಕೊಡಬಲ್ಲ. ಅವರ ಸುಖಕ್ಕೆ ಹೊಣೆಯಾಗುತ್ತೇನೆಂದು ಮಾತು ಕೊಡುವುದು ದೇವರ ಕೆಲಸವನ್ನು ಕೈಗೆ ತೆಗೆದುಕೊಂಡಂತೆ. ಆಮೇಲೆ ಅದೇ ವ್ರತವನ್ನು ಹೆಲೆನ್‌ಗೂ ತೊಡುತ್ತಾನೆ. ಅವನನ್ನು ಕತ್ತರಿಯಲ್ಲಿ ಸಿಕ್ಕಿಸಿದ್ದು ಚರ್ಚಿನ ಮದುವೆಯ ನಿಯಮಕ್ಕಿಂತ ಹೆಚ್ಚಾಗಿ ಅವನೇ ಬರೆದುಕೊಂಡ ಈ ಎರಡು ಖಾಸಗಿ ನಿಯಮಗಳು. ಕನಿಕರವು ಒಂದು ರಾಕ್ಷಸ ಅಹಂಕಾರದ ವೇಷವಾಗಬಲ್ಲದು ಎಂಬುದನ್ನು ತೋರಿಸುವುದೇ ತನ್ನ ಉದ್ದೇಶವಾಗಿತ್ತೆಂದು ಗ್ರೀನ್ ೧೯೮೦ರ ಆತ್ಮಕಥನ ‘ವೇಸ್ ಆಫ್ ಎಸ್ಕೇಪ್’ನಲ್ಲಿ ಹೇಳಿಕೊಂಡ. ಓದುಗರೆಲ್ಲ ಸ್ಕೋಬಿಯನ್ನು ಸಂತನೆಂದು ಹೊಗಳಿದ್ದು ಅವನಿಗೆ ಸೇರಲಿಲ್ಲ.

ಇಬ್ಬರು ಹೆಂಗಸರಿಗೂ ತಮ್ಮ ನೋವನ್ನು ತಾವೇ ತಾಳುವ ಶಕ್ತಿ ಇದ್ದೀತೆಂದು ಅವನು ಒಮ್ಮೆಯೂ ನಂಬುವುದಿಲ್ಲ. ಕೊನೆಯಲ್ಲಿ ನಮಗೆ ತಿಳಿಯುತ್ತದೆ: ಲೂಯಿಸ್‌ಗೆ ಎಲ್ಲ ಗೊತ್ತಿತ್ತು. ಯಾರೋ ಕಾಗದ ಬರೆದು ತಿಳಿಸಿದ್ದರಿಂದಲೇ ಅವಳು ಹಿಂದಿರುಗಿದ್ದು. ಯಾರಿಂದ ಗುಟ್ಟನ್ನು ಕಾಪಾಡಲೆಂದು ಅವನು ಪ್ರಸಾದವನ್ನು ಹೊಲಸುಮಾಡಿದನೋ ಅವಳ ಬಳಿ ಆ ಗುಟ್ಟು ಮೊದಲೇ ಇತ್ತು.

ಇಷ್ಟು ಹೊತ್ತು ನಾನೂ ಉಳಿದ ವಿಮರ್ಶಕರಂತೆ ಇಬ್ಬರು ಬಿಳಿಯ ಹೆಂಗಸರ ವಿಷಯ ಮಾತನಾಡಿದೆ. ಆರ್ವೆಲ್ ಇನ್ನೊಂದು ಮಾತು ಹೇಳಿದ್ದ: ಈ ಕಥೆ ಲಂಡನ್ನಿನ ಯಾವುದೋ ಬಡಾವಣೆಯಲ್ಲಿ ನಡೆದಿದ್ದರೂ ಆಗುತ್ತಿತ್ತು, ಇದರಲ್ಲಿ ಆಫ್ರಿಕನರು ಬರಿಯ ಹಿನ್ನೆಲೆ ಎಂದು. ಮುಕ್ಕಾಲು ಭಾಗ ನಿಜ. ಉಳಿದ ಕಾಲುಭಾಗದಲ್ಲಿ ಅಲಿ ಇದ್ದಾನೆ.

ಅಲಿ ಸ್ಕೋಬಿಯ ಆಳು. ಹದಿನೈದು ವರ್ಷ ಅವನ ಜೊತೆಗಿದ್ದವನು. ಪ್ರಯಾಣದಲ್ಲಿ ಹಾಸಿಗೆ ಹಾಸುವವನು, ಜ್ವರ ಬಂದಾಗ ನೋಡಿಕೊಳ್ಳುವವನು. ಸ್ಕೋಬಿ ನೆಮ್ಮದಿಯಾಗಿರುವುದನ್ನು ಈ ಕಾದಂಬರಿಯಲ್ಲಿ ಎಲ್ಲಿಯಾದರೂ ಕಂಡೆವೆಂದರೆ ಅದು ಅಲಿಯ ಜೊತೆ ದಾರಿ ಸಾಗುವಾಗ. ಕನಿಕರವಿಲ್ಲದ, ಸುಳ್ಳಿಲ್ಲದ ಒಂದೇ ಸಂಬಂಧ ಅದು. ವಜ್ರದ ಕಳ್ಳಸಾಗಣೆಯಲ್ಲಿ ಸ್ಕೋಬಿ ಸಿಕ್ಕಿಕೊಂಡ ಮೇಲೆ, ಹೆಲೆನ್‌ಳೊಡನೆ ಅವನನ್ನು ಅಲಿ ನೋಡಿದ ಮೇಲೆ, ಅನುಮಾನ ಹುಟ್ಟುತ್ತದೆ: ಇವನು ಬಾಯಿಬಿಟ್ಟರೆ? ಆ ಅನುಮಾನವನ್ನು ಅವನು ಯೂಸೆಫನ ಮುಂದೆ ಆಡುತ್ತಾನೆ. ತಾನು ನೋಡಿಕೊಳ್ಳುತ್ತೇನೆನ್ನುತ್ತಾನೆ ಯೂಸೆಫ್. ಅಲಿಯನ್ನು ಕರೆಸಬೇಕು, ಒಡೆಯನೇ ಕರೆದನೆಂದು ಅವನು ನಂಬಲು ಒಂದು ಗುರುತು ಬೇಕು. ಸ್ಕೋಬಿ ಜೇಬಿಗೆ ಕೈಹಾಕಿ ಒಂದು ಮುರಿದ ಜಪಮಾಲೆಯನ್ನು ತೆಗೆದುಕೊಡುತ್ತಾನೆ. ತುಸು ಹೊತ್ತಿನ ಮೇಲೆ ಹೊರಗೆ ಕೂಗು ಕೇಳಿಸುತ್ತದೆ. ಬಂದರುಕಟ್ಟೆಯ ಬಳಿ, ಪೆಟ್ರೋಲಿನ ಪೀಪಾಯಿಗಳ ನಡುವೆ, ಅಲಿ ಗಂಟಲು ಸೀಳಿಸಿಕೊಂಡು ಬಿದ್ದಿದ್ದಾನೆ. ಹತ್ತಿರದಲ್ಲೇ ಆ ಜಪಮಾಲೆ.

ಕೊಲ್ಲಿ ಎಂದು ಸ್ಕೋಬಿ ಹೇಳಲಿಲ್ಲ. ಕೊಲ್ಲುತ್ತಾರೆಂದು ಗೊತ್ತಿರಲಿಲ್ಲವೆ? ಗ್ರೀನ್ ಅದನ್ನು ಅರೆಕತ್ತಲೆಯಲ್ಲಿ ಬಿಟ್ಟಿದ್ದಾನೆ. ಹಾಗೆ ಬಿಟ್ಟದ್ದು ಸರಿಯಾಗಿಯೇ ಇದೆ. ಶವದ ಬಳಿ ಸ್ಕೋಬಿಗೆ, ತನ್ನನ್ನು ಇಷ್ಟು ವರ್ಷ ಸೇವಿಸಿದವನನ್ನು ತಾನೇ ಕೊಂದೆನೆಂದು ಅರಿವಾಗುತ್ತದೆ. ಅಲಿಯ ಮುಖದಲ್ಲಿ ಅವನಿಗೆ ದೇವರೇ ಕಾಣುತ್ತಾನೆ. ಇಡೀ ಕಾದಂಬರಿಯ ಶಿಖರ ಇದು. ಆದರೆ ಕಾದಂಬರಿ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮತ್ತೆ ಪ್ರಸಾದ, ಮತ್ತೆ ಲೂಯಿಸ್, ಮತ್ತೆ ಹೆಲೆನ್, ಮತ್ತೆ ನರಕದ ಲೆಕ್ಕಾಚಾರ.

ಚರ್ಚಿಗೂ ಶಾಸ್ತ್ರಕ್ಕೂ ನಡುವಿನ ನಿಜವಾದ ಬಿರುಕು ಇಲ್ಲಿದೆ. ಕೊಲೆ ಮಾರಕ ಪಾಪವೆಂದು ಚರ್ಚೂ ಹೇಳುತ್ತದೆ, ಸಂದೇಹವಿಲ್ಲ. ಆದರೆ ತಪ್ಪನ್ನು ಹೆಸರಿಟ್ಟು, ಎಣಿಸಿ, ತೂಗಿ ನಿವೇದಿಸುವ ಪದ್ಧತಿಗೆ ಸುಲಭವಾಗಿ ದಕ್ಕುವುದು ಹಾಸಿಗೆಯ ಪಾಪ: ಎಷ್ಟು ಸಲ, ಯಾರ ಜೊತೆ, ಇನ್ನು ಮಾಡುವುದಿಲ್ಲವೆ. ಆಡಿಯೂ ಆಡದಂತೆ ಬಿಟ್ಟ ಒಂದು ಅನುಮಾನಕ್ಕೆ, ಜೇಬಿನಿಂದ ತೆಗೆದುಕೊಟ್ಟ ಒಂದು ಗುರುತಿಗೆ ಆ ಪಟ್ಟಿಯಲ್ಲಿ ಹೆಸರು ಹುಡುಕುವುದು ಕಷ್ಟ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕೊನೆಯ ತೀರ್ಪಿನ ಚಿತ್ರವಿದೆ. ಆ ನ್ಯಾಯಾಧೀಶ ಮದುವೆಯ ವಿಷಯವನ್ನೇ ಎತ್ತುವುದಿಲ್ಲ. ಹಸಿದವನಿಗೆ ಅನ್ನ ಕೊಟ್ಟೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ, ಸೆರೆಯಲ್ಲಿದ್ದವನನ್ನು ನೋಡಿದೆಯಾ ಎಂದು ಕೇಳುತ್ತಾನೆ. ಅತ್ಯಲ್ಪನಿಗೆ ಮಾಡಿದ್ದು ತನಗೇ ಮಾಡಿದ್ದೆನ್ನುತ್ತಾನೆ. ಪೌಲನ ಸಿಟ್ಟಿನ ಮೊನೆಯೂ ಅದೇ ಕಡೆಗಿತ್ತೆಂದು ಮೇಲೆ ನೋಡಿದೆವು. ಆ ನ್ಯಾಯಾಲಯದಲ್ಲಿ ಸ್ಕೋಬಿಯ ಮೊಕದ್ದಮೆಯ ಹೆಸರು ‘ಹೆಲೆನ್’ ಎಂದಿರುವುದಿಲ್ಲ. ಪ್ರಸಾದವನ್ನು ಅವಮಾನಿಸಿದೆನೆಂದು ಕೊರಗುವ ಮನುಷ್ಯ, ಪೀಪಾಯಿಗಳ ನಡುವೆ ಬಿದ್ದಿದ್ದ ಶರೀರದ ಅವಮಾನಕ್ಕೆ ಅಷ್ಟೇ ಕೊರಗಿದ್ದರೆ ಈ ಕಾದಂಬರಿ ಇನ್ನೂ ದೊಡ್ಡದಾಗುತ್ತಿತ್ತು. ಆ ಕೊರತೆ ಪಾತ್ರದ್ದೇ, ಗ್ರೀನನದೇ? ಜಪಮಾಲೆಯನ್ನು ಅಲ್ಲಿ ಬೀಳಿಸಿದ ಕೈ ಗ್ರೀನನದು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಳಿಯರ ಕ್ಲಬ್ಬಿನ ಕಡೆಗೆ ಮತ್ತೆ ಹೊರಳಿದ ಎಂಬುದೇ ನನ್ನ ದೂರು.

ಆತ್ಮಹತ್ಯೆಯ ವಿಷಯದಲ್ಲಿ ಚರ್ಚಿನ ನಿಯಮ ಶಾಸ್ತ್ರವನ್ನು ದಾಟಿ ಮುಂದೆ ಹೋಗಿದ್ದುದು ನಿಜ. ಬೈಬಲ್ಲಿನಲ್ಲಿ ಆತ್ಮಹತ್ಯೆಯನ್ನು ಹೆಸರಿಸಿ ನಿಷೇಧಿಸುವ ವಿಧಿಯಿಲ್ಲ. ಕೊಲ್ಲಬೇಡ ಎಂಬ ಆಜ್ಞೆಯನ್ನು ತನಗೆ ತಾನೇ ಅನ್ವಯಿಸಿಕೊಳ್ಳಬೇಕೆಂದು ವಾದಿಸಿ ಕಟ್ಟಿದವನು ಸಂತ ಆಗಸ್ಟೀನ್. ೧೯೧೭ರ ಚರ್ಚು ಸಂಹಿತೆ ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಮತವಿಧಿಯ ಶವಸಂಸ್ಕಾರವನ್ನು ನಿರಾಕರಿಸಿತ್ತು. ಸ್ಕೋಬಿ ಎದೆರೋಗದ ನಾಟಕ ಹೂಡಿ, ದಿನಚರಿಯಲ್ಲಿ ಸುಳ್ಳು ನಿದ್ರಾಹೀನತೆಗಳನ್ನು ಬರೆದಿಟ್ಟು ಸಾಯುವುದು ಲೂಯಿಸ್‌ಗೆ ಆ ಕಳಂಕ ತಟ್ಟದಿರಲೆಂದು. ಪೊಲೀಸಿನವನ ಸುಳ್ಳನ್ನು ಶಾಯಿಯ ಬಣ್ಣ ಹಿಡಿದುಕೊಡುತ್ತದೆ. ೧೯೮೩ರ ಸಂಹಿತೆ ಆ ನಿರಾಕರಣೆಯನ್ನು ಕೈಬಿಟ್ಟಿತು. ಆತ್ಮಹತ್ಯೆ ಮಾಡಿಕೊಂಡವರ ಮೋಕ್ಷದ ಬಗ್ಗೆ ನಿರಾಶರಾಗಬೇಡಿರೆಂದು ೧೯೯೨ರ ಧರ್ಮೋಪದೇಶ ಗ್ರಂಥ ಹೇಳಿತು. ಕಾದಂಬರಿಯ ಮೊದಲ ಭಾಗದಲ್ಲಿ ಪೆಂಬರ್ಟನ್ ಎಂಬ ಎಳೆಯ ಅಧಿಕಾರಿ ನೇಣು ಹಾಕಿಕೊಂಡಾಗ, ಅಲ್ಲಿಯ ಪಾದ್ರಿ ನಿಯಮವನ್ನು ನೆನೆದು ನಡುಗುತ್ತಿದ್ದಾಗ, ಇಷ್ಟು ಚಿಕ್ಕವನ ಮೇಲೆ ದೇವರು ಮರುಗದಿರುವನೆ ಎಂದು ಕೇಳಿದವನು ಸ್ಕೋಬಿಯೇ. ಪರರಿಗೆ ನೀಡಿದ ಆ ವಿನಾಯಿತಿಯನ್ನು ತನಗೆ ಅವನು ನೀಡಿಕೊಳ್ಳುವುದಿಲ್ಲ. ಸುವಾರ್ತೆಯಲ್ಲಿ ಯೂದನೂ ಪೇತ್ರನೂ ಒಂದೇ ರಾತ್ರಿ ಗುರುವಿಗೆ ದ್ರೋಹ ಬಗೆದರು. ಒಬ್ಬ ಬಿಕ್ಕಿ ಬಿಕ್ಕಿ ಅತ್ತು ಮತ್ತೆ ಬಂದ. ಇನ್ನೊಬ್ಬ ತನ್ನ ತೀರ್ಪನ್ನು ತಾನೇ ಬರೆದುಕೊಂಡ.

ಮದುವೆ ಮುರಿದು ಮತ್ತೆ ಮದುವೆಯಾದವರಿಗೆ ಪ್ರಸಾದ ಕೊಡಬಹುದೆ ಎಂಬ ವಿಷಯದಲ್ಲಿ ೨೦೧೬ರ ‘ಅಮೋರಿಸ್ ಲೆತೀಸಿಯಾ’ ಪತ್ರ ಒಂದು ಅಡಿಟಿಪ್ಪಣಿಯಲ್ಲಿ ಬಾಗಿಲನ್ನು ಕೂದಲೆಳೆಯಷ್ಟು ಸರಿಸಿತು. ಅದೇ ವರ್ಷ ನಾಲ್ವರು ಕಾರ್ಡಿನಲರು ಪೋಪರಿಗೆ ಬಹಿರಂಗವಾಗಿ ಪ್ರಶ್ನೆ ಹಾಕಿದರು. ಸ್ಕೋಬಿ ಮರುಮದುವೆಯಾದವನಲ್ಲ, ಆ ಪತ್ರ ಅವನಿಗಾಗಿ ಬರೆದದ್ದೂ ಅಲ್ಲ. ಆದರೂ ಆ ಜಗಳದ ಎರಡು ದನಿಗಳೂ ಗ್ರೀನನ ಕೊನೆಯ ಅಧ್ಯಾಯದಲ್ಲಿ ಮೊದಲೇ ಕೇಳಿಸುತ್ತವೆ. ಗಂಡ ಮಾಡಿದ್ದೇನೆಂದು ತಿಳಿದ ಲೂಯಿಸ್ ನಿಯಮವನ್ನು ಒಪ್ಪಿಸುತ್ತಾಳೆ. ಅವನಿಗಾಗಿ ಪ್ರಾರ್ಥಿಸಿಯೂ ಫಲವಿಲ್ಲವೆಂಬ ಧಾಟಿ. ನಿವೇದನೆಯ ಪೆಟ್ಟಿಗೆಯಲ್ಲಿ ನಿಯಮವನ್ನು ಬಿಡದಿದ್ದ ರ‍್ಯಾಂಕ್ ಈಗ ಸಿಟ್ಟಿನಿಂದ ಅವಳನ್ನು ತಡೆಯುತ್ತಾನೆ. ನಿಯಮಗ್ರಂಥ ಬಲ್ಲ ಚರ್ಚಿಗೆ ಒಬ್ಬ ಮನುಷ್ಯನ ಎದೆಯೊಳಗು ತಿಳಿಯದೆನ್ನುತ್ತಾನೆ. ತನ್ನ ಕೈಯಿಂದ ವಿಮೋಚನೆ ಸಿಗದೆ ಹೋದವನನ್ನು ಕುರಿತು ಆ ಗುರುವೇ ಹಾಗೆ ಹೇಳುವುದರಲ್ಲಿ ಎಂಥ ಸಂಕಟವಿದೆಯೆಂದು ಗ್ರೀನ್ ವಿವರಿಸಲು ಹೋಗುವುದಿಲ್ಲ.

ಈ ಪುಸ್ತಕದ ವಿಷಯದಲ್ಲಿ ತಕ್ಕಡಿ ತೀರ ಒಂದೇ ಕಡೆಗೆ ಜಗ್ಗಿದೆ, ಕಥಾಬಂಧ ಹೊರೆಯಾಗಿದೆ, ಸ್ಕೋಬಿಯ ಧರ್ಮಭೀತಿ ಅತಿಯಾಗಿದೆ ಎಂದು ಗ್ರೀನ್ ತನ್ನ ಇಳಿವಯಸ್ಸಿನಲ್ಲಿ ಬರೆದ. ಮೊದಲ ಎರಡನ್ನು ಒಪ್ಪಬಹುದು. ಯೂಸೆಫನ ಕೈಗೆ ಕಾಗದ ಬೀಳುವ ರೀತಿ ಪತ್ತೇದಾರಿ ಕಥೆಗೆ ಸಲ್ಲುವಂಥದು. ಮೂರನೆಯದು ಒಪ್ಪುವಂಥದಲ್ಲ. ಸ್ಕೋಬಿಯ ಧರ್ಮಭೀತಿ ಅತಿಯಾಗಲಿಲ್ಲ. ಅದು ಮನೆಯ ಒಳಕೋಣೆಯಲ್ಲಿ, ದೇವಾಲಯದ ಪೀಠದ ಮುಂದೆ ಎಚ್ಚರವಾಗಿದ್ದು, ಯೂಸೆಫನ ಕಚೇರಿಯಲ್ಲಿ ಜೇಬಿಗೆ ಕೈಹಾಕಿದ ಕ್ಷಣದಲ್ಲಿ ನಿದ್ದೆಹೋಗಿತ್ತು.